ಊರು ಹೆತ್ತ ಹೊಳೆ

ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದಿಂದ ಹೊಳೆಯ ದಂಡೆ ಹಿಡಿದು ನೈರುತ್ಯಕ್ಕೆ ಮೂರು ಕಿಲೋಮೀಟರಿನಷ್ಟು ನಡೆದರೆ ಗ್ರಾಂಟ್‌ಚೆಸ್ಟರ್ ಎಂಬ ಹಳ್ಳಿ ಸಿಗುತ್ತದೆ. ದನ ಮೇಯುವ ಹುಲ್ಲುಗಾವಲು, ಹಳೆಯ ಚರ್ಚು, ಹಣ್ಣಿನ ತೋಟದ ಮರಗಳ ಕೆಳಗೆ ಚಹಾ ಕೊಡುವ ಅಂಗಡಿ. ಕವಿ ರೂಪರ್ಟ್ ಬ್ರೂಕ್ 1909ರಲ್ಲಿ ಇಲ್ಲಿಗೆ ಬಂದು ನೆಲೆಸಿದ. 1912ರಲ್ಲಿ ಬರ್ಲಿನ್ನಿನ ಕಾಫಿ ಹೋಟೆಲೊಂದರಲ್ಲಿ ಕೂತು ಈ ಊರನ್ನು ನೆನೆದು ಕವಿತೆ ಬರೆದ. 1969ರಲ್ಲಿ ಪಿಂಕ್ ಫ್ಲಾಯ್ಡ್ ತಂಡ ಇಲ್ಲಿನ ಹುಲ್ಲುಗಾವಲಿನ ಮೇಲೆ ಹಾಡು ಕಟ್ಟಿತು. ಈಚೆಗೆ ಊರಿನ ಹೆಸರಿನಲ್ಲೇ ಒಂದು ಟಿವಿ ಧಾರಾವಾಹಿಯೂ ಬಂತು. ಇಷ್ಟು ಜನ ಇಷ್ಟು ಬಾಯಿ ತುಂಬ ಕರೆದ ಹೆಸರು ಅದು.

ಆ ಹೆಸರು ಸುಳ್ಳು!

ಸುಳ್ಳೆಂದರೆ ಸಣ್ಣಪುಟ್ಟ ಸುಳ್ಳಲ್ಲ. ಇದರ ಒಂದು ಎಳೆ ಹಿಡಿದು ಜಗ್ಗಿದರೆ ಪಕ್ಕದ ಕೇಂಬ್ರಿಜ್ ಪಟ್ಟಣದ ಹೆಸರು ಬಿಚ್ಚಿಕೊಳ್ಳುತ್ತದೆ. ಇನ್ನೊಂದಿಷ್ಟು ಜಗ್ಗಿದರೆ ಅಲ್ಲಿನ ಘನ ವಿದ್ವಾಂಸರು ಕಟ್ಟಿದ ಪುರಾಣಗಳು ಉದುರುತ್ತವೆ. ಕೊನೆಗೆ, ಎರಡೂ ಊರುಗಳ ನಡುವೆ ಹರಿಯುವ ನದಿಯ ಹೆಸರೇ ಕಿತ್ತು ಕೈಗೆ ಬರುತ್ತದೆ. ಇದಕ್ಕೆಲ್ಲ ಸಾಕ್ಷಿ ಯಾರು? ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಗೀಚಿದ ಹಳೆಯ ಲಿಪಿಕಾರರು. ಅವರ ಕಾಗುಣಿತ, ಅವರ ತಪ್ಪುಗಳು.

ಮೊದಲು ಆ 'ಚೆಸ್ಟರ್' ಅನ್ನು ನೋಡೋಣ. ರೋಮನ್ನರು ಸೇನಾ ಶಿಬಿರಕ್ಕೆ 'ಕಾಸ್ಟ್ರ' ಎನ್ನುತ್ತಿದ್ದರು. ಅವರು ಬ್ರಿಟನ್ ಬಿಟ್ಟು ಹೋದ ಮೇಲೆ ಬಂದ ಆಂಗ್ಲೋ-ಸ್ಯಾಕ್ಸನ್ನರು, ಕಲ್ಲುಗೋಡೆಯ ಆ ಪಾಳು ಕೋಟೆ-ಪಟ್ಟಣಗಳನ್ನು ಕಂಡು ಅದೇ ಪದವನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು 'ಚೆಯಾಸ್ಟರ್' ಎಂದರು. ಮ್ಯಾಂಚೆಸ್ಟರ್, ವಿಂಚೆಸ್ಟರ್, ಕೋಲ್ಚೆಸ್ಟರ್ ಎಲ್ಲ ಅದರ ಮಕ್ಕಳು. ಗ್ಲಾಸ್ಟರ್, ವೂಸ್ಟರ್, ಲೆಸ್ಟರ್ ಎಂದು ನುಂಗಿ ಉಚ್ಚರಿಸುವ ಊರುಗಳೂ ಅದೇ ಬಳ್ಳಿಯವು. ಹೆಸರಿನ ತುದಿಯಲ್ಲಿ ಚೆಸ್ಟರ್ ಕಂಡರೆ ಅಲ್ಲಿ ರೋಮನ್ ಗೋಡೆ ಇತ್ತೆಂದು ಕಣ್ಣು ಮುಚ್ಚಿ ಹೇಳಬಹುದು ಎಂಬ ಧೈರ್ಯ ಇತಿಹಾಸದ ವಿದ್ಯಾರ್ಥಿಗೆ ಬಂದುಬಿಡುತ್ತದೆ. ಹಾಗಾಗಿ ಗ್ರಾಂಟ್‌ಚೆಸ್ಟರ್ ಎಂದರೆ ಗ್ರಾಂಟಾ ಹೊಳೆಯ ಮೇಲಿನ ರೋಮನ್ ಕೋಟೆ. ಸರಳ ಲೆಕ್ಕ. ಮೇಲಾಗಿ ಈ ಲೆಕ್ಕಕ್ಕೆ ಎಂಥವನ ಸಾಕ್ಷಿ! ಇಂಗ್ಲಿಷ್ ಚರಿತ್ರೆಯ ಆದಿಗುರು ಬೀಡ್.

ಜ್ಯಾರೋ ಮಠದ ಈ ಸನ್ಯಾಸಿ 731ರಲ್ಲಿ ಇಂಗ್ಲಿಷ್ ಜನರ ಧರ್ಮಚರಿತ್ರೆಯನ್ನು ಲ್ಯಾಟಿನ್ನಿನಲ್ಲಿ ಬರೆದು ಮುಗಿಸಿದ. ಅದರಲ್ಲೊಂದು ಕತೆ ಬರುತ್ತದೆ. ಎಥೆಲ್‌ಥ್ರಿತ್ ಎಂಬ ರಾಣಿ ಸಿಂಹಾಸನ ಬಿಟ್ಟು ಸನ್ಯಾಸ ತೊಟ್ಟು ಈಲಿ ಎಂಬಲ್ಲಿ 673ರಲ್ಲಿ ಮಠ ಕಟ್ಟಿದಳು, 679ರಲ್ಲಿ ತೀರಿಕೊಂಡಳು. ಮರದ ಪೆಟ್ಟಿಗೆಯಲ್ಲಿಟ್ಟು ಹೂತರು. ಹದಿನಾರು ವರ್ಷಗಳ ಮೇಲೆ ಅವಳ ಅಕ್ಕ, ಆಗಿನ ಮಠಾಧಿಪತಿ ಸೆಕ್ಸ್‌ಬರ್ಗ್, ತಂಗಿಯ ದೇಹಕ್ಕೆ ಕಲ್ಲಿನ ಶವಪೆಟ್ಟಿಗೆ ಮಾಡಿಸಬೇಕೆಂದು ಹೊರಟಳು. ಆದರೆ ಈಲಿ ಎಂದರೆ ಸುತ್ತ ನೀರು, ಸುತ್ತ ಜೌಗು. ದೊಡ್ಡ ಕಲ್ಲೆಂಬುದೇ ಇಲ್ಲ. (ಈಲ್ ಮೀನು ಹೇರಳವಾಗಿ ಸಿಗುವುದರಿಂದಲೇ ಈಲಿ ಎಂಬ ಹೆಸರು ಬಂತೆಂದು ಬೀಡ್ ಅಲ್ಲೇ ವಿವರಿಸುತ್ತಾನೆ. ಊರ ಹೆಸರಿನ ಹುಚ್ಚು ಅವನನ್ನೂ ಬಿಟ್ಟಿರಲಿಲ್ಲ!) ಮಠದ ಸೋದರರು ದೋಣಿ ಹತ್ತಿ ಕಲ್ಲು ಹುಡುಕುತ್ತ ಹೋದರು. ಸ್ವಲ್ಪ ದೂರದಲ್ಲಿ ಜನರಿಲ್ಲದೆ ಪಾಳುಬಿದ್ದ ಪುಟ್ಟ ಪಟ್ಟಣವೊಂದು ಸಿಕ್ಕಿತು. ಅದರ ಗೋಡೆಯ ಬಳಿ ಬಿಳಿ ಅಮೃತಶಿಲೆಯ ಸೊಗಸಾದ ಶವಪೆಟ್ಟಿಗೆ, ಅದಕ್ಕೆ ಕರಾರುವಾಕ್ಕಾಗಿ ಕೂರುವ ಮುಚ್ಚಳ! ಆ ಪಾಳು ಪಟ್ಟಣವನ್ನು ಇಂಗ್ಲಿಷರು 'ಗ್ರಾಂಟಚೆಸ್ಟಿರ್' ಎನ್ನುತ್ತಾರೆ ಎಂದು ಬೀಡ್ ದಾಖಲಿಸಿದ.

ಇನ್ನೇನು ಬೇಕು? ಬೀಡ್‌ನ ಪುಟದಲ್ಲಿ ಗ್ರಾಂಟಚೆಸ್ಟಿರ್, ಭೂಪಟದಲ್ಲಿ ಗ್ರಾಂಟ್‌ಚೆಸ್ಟರ್. ಎರಡನ್ನೂ ಕೂಡಿಸಿ ಗಂಟು ಹಾಕದವರು ಯಾರಿದ್ದಾರು! ಹಳೆಯ ಕಾಲದ ಪ್ರಾಚ್ಯವಸ್ತು ಪಂಡಿತರು ಹಾಕಿದರು, ಬೀಡ್‌ನ ಅನುವಾದಕರು ಅಡಿಟಿಪ್ಪಣಿಗಳಲ್ಲಿ ಹಾಕಿದರು. ರಾಣಿಯ ಶವಪೆಟ್ಟಿಗೆ ಸಿಕ್ಕ ಊರೆಂಬ ಕೀರ್ತಿ ಈ ಹಳ್ಳಿಯ ತಲೆಗೇರಿ ಕೂತಿತು.

ಈಗ 1086ಕ್ಕೆ ಬನ್ನಿ. ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಂ ತನ್ನ ರಾಜ್ಯದ ಊರೂರಿನ ಹೊಲ, ಎತ್ತು, ಗಿರಣಿಗಳನ್ನು ಲೆಕ್ಕ ಹಾಕಿಸಿದ. ಅದೇ ಡೂಮ್ಸ್‌ಡೇ ಗ್ರಂಥ. ಅದರಲ್ಲಿ ನಮ್ಮ ಹಳ್ಳಿಯೂ ಇದೆ. ಯಾವ ಹೆಸರಿನಲ್ಲಿ? 'ಗ್ರಾಂಟೆಸೆಟ'! ಚೆಸ್ಟರ್ ಎಲ್ಲಿ? ಇಲ್ಲ. ಅದರ ವಾಸನೆಯೂ ಇಲ್ಲ. ಲಿಪಿಕಾರನ ಕೈತಪ್ಪು ಇರಬಹುದೇ? ಚೆಸ್ಟರ್ ಅನ್ನು ಗುರುತಿಸಲಾರದಷ್ಟು ಅಜ್ಞಾನಿಗಳೇನೂ ಅಲ್ಲ ಅವರು. ಅಂಥ ಊರುಗಳು ಇಂಗ್ಲೆಂಡಿನ ತುಂಬ ಇದ್ದವು, ಅವನ್ನೆಲ್ಲ ಅವರು 'ಸೆಸ್ಟ್ರೆ' ಎಂದೇ ಬರೆದುಕೊಳ್ಳುತ್ತಿದ್ದರು. ಇಲ್ಲಿ ಬರೆಯಲಿಲ್ಲ, ಏಕೆಂದರೆ ಊರವರು ಹಾಗೆ ಹೇಳಲೇ ಇಲ್ಲ.

ಊರವರು ಹೇಳಿದ್ದು 'ಸೇಟೆ'. ಹಳೆಯ ಇಂಗ್ಲಿಷಿನಲ್ಲಿ ಹಾಗೆಂದರೆ ನೆಲೆಸಿದವರು, ಒಕ್ಕಲು ಕೂತವರು. ಗ್ರಾಂಟಾ ಹೊಳೆಯ ದಂಡೆಯ ಒಕ್ಕಲು ಎಂಬುದೇ ಈ ಊರಿನ ನಿಜವಾದ ಹೆಸರು. ಈ 'ಸೇಟೆ' ಇನ್ನೆಲ್ಲಿ ಉಳಿದಿದೆ ಗೊತ್ತೇ? ಡಾರ್ಸೆಟ್‌ನಲ್ಲಿ, ಸಾಮರ್‌ಸೆಟ್‌ನಲ್ಲಿ! ನೈರುತ್ಯ ಇಂಗ್ಲೆಂಡಿನ ಆ ಎರಡು ಹೆಸರಾಂತ ಜಿಲ್ಲೆಗಳ ತುದಿಯ 'ಸೆಟ್' ಈ ಹಳ್ಳಿಯ ಕಳೆದುಹೋದ ತುದಿಯ ಒಡಹುಟ್ಟು. ಮ್ಯಾಂಚೆಸ್ಟರಿನ ಬಂಧುವೆಂದು ಬೀಗುತ್ತಿದ್ದ ಊರು ಸಾಮರ್‌ಸೆಟ್‌ನ ನೆಂಟನಾಗಿ ಹೊರಬಿತ್ತು.

ಇದನ್ನು ಗಟ್ಟಿಯಾಗಿ ಸಾರಿದವನು ವಾಲ್ಟರ್ ವಿಲಿಯಂ ಸ್ಕೀಟ್. 1878ರಿಂದ ಕೇಂಬ್ರಿಜ್‌ನಲ್ಲೇ ಆಂಗ್ಲೋ-ಸ್ಯಾಕ್ಸನ್ ಭಾಷೆಯ ಪ್ರಾಧ್ಯಾಪಕ, ಅಸಾಧ್ಯ ದುಡಿಮೆಗಾರ. ಸ್ಥಳನಾಮ ಎಂದರೆ ಬಾಯಿಗೆ ಬಂದದ್ದು ಹೇಳುವ ಕಾಲ ಅದು. ಈಗಲೂ ಅದೇನು ಪೂರ್ತಿ ಮುಗಿದಿಲ್ಲ ಅನ್ನಿ. ಸ್ಕೀಟ್‌ನ ಪಟ್ಟು ಒಂದೇ: ಮೊದಲು ಸಿಕ್ಕಷ್ಟು ಹಳೆಯ ಬರಹಗಳನ್ನು ಕೆದಕಿ, ಹೆಸರಿನ ಪ್ರತಿಯೊಂದು ರೂಪವನ್ನೂ ಕಾಲಕ್ರಮದಲ್ಲಿ ಜೋಡಿಸು. ಆಮೇಲೆ ಅರ್ಥದ ಮಾತು. 1901ರಲ್ಲಿ ಕೇಂಬ್ರಿಜ್ ಜಿಲ್ಲೆಯ ಸ್ಥಳನಾಮಗಳ ಮೇಲೆ ಅವನು ತಂದ ಪುಟ್ಟ ಪುಸ್ತಕದಲ್ಲಿ ಗ್ರಾಂಟ್‌ಚೆಸ್ಟರಿನ ಕೋಟೆ ಕುಸಿದು ಬಿತ್ತು.

ಸರಿ, ಸೆಟೆ ಹೋಗಿ ಚೆಸ್ಟರ್ ಕೂತದ್ದಾದರೂ ಹೇಗೆ? ನಾರ್ಮನ್ನರ ಬಾಯಲ್ಲಿ ಚೆಸ್ಟರ್ 'ಸೆಸ್ಟರ್' ಆಗಿತ್ತು, ಬರಹದಲ್ಲಿ ಕೆಲವೊಮ್ಮೆ 'ಸೆಟ್ರೆ'ಯೂ ಆಗುತ್ತಿತ್ತು. ಸೆಟೆ, ಸೆಟ್ರೆ! ನಡುವೆ ಒಂದು ರಕಾರದ ದೂರ. 'ಸೇಟೆ'ಯ ಅರ್ಥ ಜನರ ನೆನಪಿನಿಂದ ಅಳಿದುಹೋಗಿತ್ತು. ಚೆಸ್ಟರ್ ಮಾತ್ರ ದೇಶದ ತುಂಬ ಕೇಳಿಬರುತ್ತಿದ್ದ ತುದಿ. ಅರ್ಥ ಸತ್ತ ಪದದ ಮನೆಗೆ ಅರ್ಥವಿರುವ ಪದ ಬಂದು ಸಂಸಾರ ಹೂಡಿತು.

ಹಾಗಾದರೆ ಬೀಡ್ ಹೇಳಿದ ಗ್ರಾಂಟಚೆಸ್ಟಿರ್ ಯಾವುದು? ಶವಪೆಟ್ಟಿಗೆ ಸಿಕ್ಕ ಗೋಡೆ ಎಲ್ಲಿನದು? ಮೈ ಜುಂ ಎನ್ನುವುದು ಇಲ್ಲೇ. ಅದು ಕೇಂಬ್ರಿಜ್! ಹೊಳೆಯ ವಾಯವ್ಯ ದಂಡೆಯಲ್ಲಿ ಕಾಸಲ್ ಹಿಲ್ ಎಂಬ ದಿಬ್ಬವಿದೆ. ಗೋಡೆ ಕಟ್ಟಿದ ರೋಮನ್ ಪಟ್ಟಣ ಇದ್ದದ್ದು ಅಲ್ಲಿ. ಅಂದರೆ ಏಳನೆಯ ಶತಮಾನದಲ್ಲಿ ಕೇಂಬ್ರಿಜ್‌ನ ಹೆಸರೇ ಗ್ರಾಂಟ್‌ಚೆಸ್ಟರ್. ಚೆಸ್ಟರ್ ಇದ್ದ ಊರು ಅದನ್ನು ಕಳೆದುಕೊಂಡಿತು, ಎಂದೂ ಇಲ್ಲದ ಊರು ಅದನ್ನು ಪಡೆದುಕೊಂಡಿತು. ಮೂರು ಕಿಲೋಮೀಟರು ದೂರದಲ್ಲಿ ಒಂದರ ಅಂಗಿ ಇನ್ನೊಂದರ ಮೈಮೇಲೆ!

ಕೇಂಬ್ರಿಜ್ ತನ್ನ ಚೆಸ್ಟರನ್ನು ಬಿಟ್ಟದ್ದು ಸೇತುವೆಗಾಗಿ. ಪಾಳುಗೋಡೆಗಿಂತ ಹೊಳೆ ದಾಟುವ ಸೇತುವೆಯೇ ಜನಕ್ಕೆ ಮುಖ್ಯವಾಯಿತು. ಸುಮಾರು 745ರ ಬರಹದಲ್ಲಿ 'ಗ್ರಾಂಟಬ್ರಿಕ್' ಎಂದು ಬರುತ್ತದೆ. ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್‌ನ 875ರ ದಾಖಲೆಯಲ್ಲಿ ಗುಥ್ರಮ್ ಮತ್ತಿಬ್ಬರು ರಾಜರ ಡೇನಿಶ್ ಸೇನೆ ರೆಪ್ಟನ್‌ನಿಂದ ಹೊರಟು 'ಗ್ರಾಂಟೆಬ್ರಿಜೆ'ಗೆ ಬಂದು ಒಂದು ವರ್ಷ ಬೀಡುಬಿಟ್ಟಿತು ಎಂದಿದೆ. ಗ್ರಾಂಟಾ ಹೊಳೆಯ ಸೇತುವೆ, ಅಷ್ಟೇ ಅರ್ಥ. ಇಂದು ಆ ಜಾಗದಲ್ಲಿ, ಕಾಸಲ್ ಹಿಲ್ಲಿನ ಬುಡದಲ್ಲಿ, 1823ರ ಎರಕದ ಕಬ್ಬಿಣದ ಮ್ಯಾಗ್ಡಲೀನ್ ಸೇತುವೆ ಇದೆ. ಕಾಲೇಜುಗಳ ಹಿಂಬದಿಯ ಸೇತುವೆಗಳ ಚಿತ್ರ ತೆಗೆಯಲು ಮುಗಿಬೀಳುವ ಪ್ರವಾಸಿಗರು, ಊರಿಗೆ ಹೆಸರು ಕೊಟ್ಟ ಈ ದಾಟುಜಾಗವನ್ನು ಬಸ್ಸಿನಲ್ಲಿ ದಾಟಿ ಹೋಗುತ್ತಾರೆ.

ಗ್ರಾಂಟೆಬ್ರಿಜ್ ಎಲ್ಲಿ, ಕೇಂಬ್ರಿಜ್ ಎಲ್ಲಿ! ನಡುವಿನ ದಾರಿ ನಾರ್ಮನ್ನರ ನಾಲಿಗೆಯ ಮೇಲೆ ಹಾದುಹೋಗುತ್ತದೆ. 'ಗ್ರಾಂಟೆಬ್ರಿಜ್' ಎಂದು ನಾಲ್ಕು ಸಲ ಬೇಗಬೇಗ ಹೇಳಿ ನೋಡಿ. ಎರಡು ಒತ್ತಕ್ಷರಗಳಲ್ಲಿ ಎರಡು ರಕಾರ, ಗ್ರ ಒಂದು, ಬ್ರಿ ಇನ್ನೊಂದು. ಒಂದೇ ಪದದಲ್ಲಿ ಎರಡು ರಕಾರ ಬಂದರೆ ಒಂದನ್ನು ಕೈಬಿಡುವುದೋ ಬದಲಿಸುವುದೋ ಮನುಷ್ಯನ ನಾಲಿಗೆಯ ಹಳೆಯ ಚಾಳಿ. ಲ್ಯಾಟಿನ್ನಿನ 'ಪೆರೆಗ್ರಿನುಸ್' ಇಂಗ್ಲಿಷಿನಲ್ಲಿ 'ಪಿಲ್ಗ್ರಿಮ್' ಆದದ್ದೂ ಹೀಗೆಯೇ. ಗ್ರಾಂಟೆಬ್ರಿಜ್‌ನ ಮೊದಲ ರಕಾರ ಬಿದ್ದುಹೋಯಿತು, ಗಕಾರ ಗಡುಸಾಗಿ ಕಕಾರವಾಯಿತು, 'ಕಾಂಟೆಬ್ರಿಜ್' ಹುಟ್ಟಿತು. ಡೂಮ್ಸ್‌ಡೇ ಕಾಲದ ಬರಹದಲ್ಲಿ ಗ್ರೆಂಟೆಬ್ರಿಜೆಯೂ ಇದೆ, ಕಾಂಟೆಬ್ರಿಜಿಯೆಯೂ ಇದೆ. ಬದಲಾವಣೆ ನಡೆಯುತ್ತಿರುವಾಗಲೇ ಸಿಕ್ಕಿಬಿದ್ದಿದೆ! ಹಳ್ಳಿ ಮಾತ್ರ ತನ್ನ 'ಗ್ರಾಂಟ್' ಅನ್ನು ಹಾಗೇ ಉಳಿಸಿಕೊಂಡಿತು. ನನಗನ್ನಿಸುವಂತೆ ಅದು ಬಚಾವಾದದ್ದೇ ಹೀಗೆ: ಗ್ರಾಂಟೆಸೆಟೆಯಲ್ಲಿ ಜಗಳಕ್ಕೆ ಎರಡನೆಯ ರಕಾರವೇ ಇರಲಿಲ್ಲ.

ಹದಿನಾಲ್ಕನೆಯ ಶತಮಾನದ ಕೊನೆಗೆ ಚಾಸರ್ ತನ್ನ ಕ್ಯಾಂಟರ್ಬರಿ ಕತೆಗಳಲ್ಲೊಂದನ್ನು ಗ್ರಾಂಟ್‌ಚೆಸ್ಟರಿನ ಎದುರು ದಂಡೆಯ ಟ್ರಂಪಿಂಗ್ಟನ್‌ನ ಗಿರಣಿಯಲ್ಲಿ ನಡೆಸುತ್ತಾನೆ. ಇಬ್ಬರು ವಿದ್ಯಾರ್ಥಿಗಳು, ಒಬ್ಬ ಹಿಟ್ಟು ಕದಿಯುವ ಗಿರಣಿಯವ. ಅಲ್ಲಿ ಪಟ್ಟಣದ ಹೆಸರು ಇನ್ನೂ 'ಕಾಂಟೆಬ್ರಿಗ್ಗೆ'. ಆ ಹೊತ್ತಿಗೆ ಅದರ ಪಕ್ಕದಲ್ಲೇ 'ಕಾಂಬ್ರಿಗ್ಗೆ' ಎಂಬ ರೂಪವೂ ತಲೆಯೆತ್ತುತ್ತಿತ್ತು. ನಡುವಿನ 'ಟೆ' ಸವೆದು ಬಿದ್ದಾಗ ನಕಾರದ ಮುಂದೆ ಬಕಾರ ಬಂತು, ನಕಾರ ತುಟಿ ಮುಚ್ಚಿ ಮಕಾರವಾಯಿತು. ಕನ್ನಡ ಬರೆಯುವವರಿಗೆ ಇಲ್ಲೊಂದು ಪುಕ್ಕಟೆ ಖುಷಿ ಇದೆ: 'ಸಂತೆ' ಎನ್ನುವಾಗ ನ್, 'ಸಂಬಳ' ಎನ್ನುವಾಗ ಮ್, ಬರೆಯುವುದು ಮಾತ್ರ ಅದೇ ಸೊನ್ನೆ. ಇಂಗ್ಲಿಷ್ ಲಿಪಿಕಾರರು ಅಕ್ಷರ ಬದಲಿಸಿ ದಾಖಲಿಸಬೇಕಾದ ಮಾರ್ಪಾಟನ್ನು ನಮ್ಮ ಸೊನ್ನೆ ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಕಾಂಟೆಬ್ರಿಜ್, ಕಾಂಬ್ರಿಜ್, ಕೇಂಬ್ರಿಜ್ ಮೂರರಲ್ಲೂ ಸೊನ್ನೆ ಕೂತಲ್ಲೇ ಕೂತಿದೆ!

ನಡುಗಾಲದ ಆ 'ಕಾಂಟ್' ಸತ್ತಿಲ್ಲ. ಲ್ಯಾಟಿನ್ನಿನಲ್ಲಿ ಅದು 'ಕಾಂಟಬ್ರಿಗಿಯಾ' ಆಗಿ ಹೆಪ್ಪುಗಟ್ಟಿತು. ಅಲ್ಲಿ ಓದಿದವರು ತಮ್ಮ ಪದವಿಯ ಮುಂದೆ ಇಂದಿಗೂ 'ಕ್ಯಾಂಟಬ್' ಎಂದು ಹಾಕಿಕೊಳ್ಳುತ್ತಾರೆ. ಭಾರತದ ಹಳೆಯ ತಲೆಮಾರಿನ ಬ್ಯಾರಿಸ್ಟರುಗಳ, ಅಧಿಕಾರಿಗಳ ಮನೆ ಮುಂದಿನ ಹಿತ್ತಾಳೆ ಫಲಕಗಳಲ್ಲಿ ಆ ಆರಕ್ಷರದ ಇಂಗ್ಲಿಷ್ ಸಂಕ್ಷೇಪಕ್ಕೆ ಎಂಥ ಗತ್ತು! ಅದು ನಾರ್ಮನ್ ನಾಲಿಗೆ ರಕಾರ ಬಿಟ್ಟ ಗುರುತು.

ಪಂಡಿತರು ಇಷ್ಟಕ್ಕೆ ಸುಮ್ಮನಿದ್ದಾರೆಯೇ? ಹದಿನೈದನೆಯ ಶತಮಾನದಲ್ಲಿ ನಿಕೊಲಾಸ್ ಕ್ಯಾಂಟಿಲೂಪ್ ಎಂಬ ಸನ್ಯಾಸಿಯ ಹೆಸರಿನಲ್ಲಿ ಒಂದು ಚರಿತ್ರೆ ಓಡಾಡಿತು. ಅದರ ಪ್ರಕಾರ ಕ್ರಿಸ್ತನಿಗಿಂತ ನೂರಾರು ವರ್ಷ ಮುಂಚೆ ಸ್ಪೇನಿನಿಂದ ಕ್ಯಾಂಟೇಬರ್ ಎಂಬ ರಾಜಕುಮಾರ ಬಂದು ಈ ವಿಶ್ವವಿದ್ಯಾಲಯವನ್ನು ಕಟ್ಟಿದ, ಅದಕ್ಕೇ ಕಾಂಟಬ್ರಿಗಿಯಾ! ಆಕ್ಸ್‌ಫರ್ಡ್‌ಗಿಂತ ತಾವು ಹಳಬರೆಂದು ತೋರಿಸಲು ಇದು ಎಷ್ಟು ಉಪಯೋಗಕ್ಕೆ ಬಂತೆಂದರೆ, ವೈದ್ಯ ಜಾನ್ ಕೀಸ್ 1568ರಲ್ಲಿ ಇದನ್ನು ಸಮರ್ಥಿಸಿ ಒಂದು ಇಡೀ ಪುಸ್ತಕವನ್ನೇ ಬರೆದ. ವಾಸ್ತವದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಗಲಾಟೆಯಾಗಿ 1209ರಲ್ಲಿ ಓಡಿಬಂದ ವಿದ್ವಾಂಸರಿಂದ ಕೇಂಬ್ರಿಜ್ ವಿಶ್ವವಿದ್ಯಾಲಯ ಶುರುವಾದದ್ದು. ಅಂದಹಾಗೆ ಈ ಕೀಸ್ ತನ್ನ ಹೆಸರನ್ನು ಲ್ಯಾಟಿನ್ ಮಾಡಿಕೊಂಡು 'ಕೈಯುಸ್' ಎಂದು ಬರೆಯುತ್ತಿದ್ದ. ಅವನು 1557ರಲ್ಲಿ ಮರುಸ್ಥಾಪಿಸಿದ, ಸ್ಟೀಫನ್ ಹಾಕಿಂಗ್ ಫೆಲೋ ಆಗಿದ್ದ ಕಾಲೇಜನ್ನು ಇಂದಿಗೂ ಕೈಯುಸ್ ಎಂದು ಬರೆದು ಕೀಸ್ ಎಂದು ಓದುತ್ತಾರೆ. ಓದುಬರಹವಿಲ್ಲದ ರೈತನ ಬಾಯಿ ಹೆಸರನ್ನು ಸವೆಸುತ್ತದೆ, ಅಷ್ಟೇ. ಹೆಸರನ್ನು ಬೇಕೆಂದೇ ತಿರುಚಲು ಮಾತ್ರ ಡಾಕ್ಟರೇ ಬೇಕು.

ಇನ್ನು ನದಿ. ತಡೆದಿಟ್ಟುಕೊಂಡಿದ್ದ ಮಾತು ಇದೇ. ಕೇಂಬ್ರಿಜ್ ಎಂದರೆ 'ಕ್ಯಾಮ್' ನದಿಯ 'ಬ್ರಿಜ್' ಎಂದೇ ಶಾಲೆಯ ಮಕ್ಕಳಿಂದ ಹಿಡಿದು ದೋಣಿ ನಡೆಸುವ ಹುಡುಗರ ತನಕ ಎಲ್ಲರ ನಂಬಿಕೆ. ಹೌದಲ್ಲ, ನಕ್ಷೆಯಲ್ಲಿ ಕ್ಯಾಮ್ ನದಿ ಇದೆ, ಸೇತುವೆಯೂ ಇದೆ. ಆದರೆ ಹಳೆಯ ಬರಹಗಳಲ್ಲಿ ಎಷ್ಟು ಹುಡುಕಿದರೂ ಕ್ಯಾಮ್ ಎಂಬ ನದಿಯೇ ಇಲ್ಲ! ಇರುವುದು ಗ್ರಾಂಟಾ. ಪಟ್ಟಣದ ಹೆಸರು ಸವೆದು ಸವೆದು 'ಕೇಂಬ್ರಿಜ್' ಆಗುವ ತನಕ ಕ್ಯಾಮ್ ಹುಟ್ಟಲೇ ಇಲ್ಲ. ಆದ ಮೇಲೆ ಹದಿನಾರನೆಯ ಶತಮಾನದ ಪಂಡಿತರು ಹಿಂದಿನಿಂದ ಲೆಕ್ಕ ಹಾಕಿದರು: ಇದು ಸೇತುವೆಯ ಊರು, ಮೊದಲ ಭಾಗ 'ಕ್ಯಾಮ್', ಆದ್ದರಿಂದ ಹೊಳೆಯ ಹೆಸರು ಕ್ಯಾಮ್ ಇರಲೇಬೇಕು. ಹೊಳೆಯಿಂದ ಊರಿಗೆ ಬಂದಿದ್ದ ಹೆಸರು, ಊರಿನ ಬಾಯಲ್ಲಿ ಗುರುತು ಸಿಗದಂತೆ ಬದಲಾಗಿ, ಅದೇ ಹೊಳೆಯ ಮೇಲೆ ಬಂದು ಕೂತಿತು. ಮೊಮ್ಮಗನ ಹೆಸರನ್ನು ಅಜ್ಜಿಗೆ ಇಟ್ಟ ಹಾಗೆ!

1586ರಲ್ಲಿ 'ಬ್ರಿಟಾನಿಯಾ' ಗ್ರಂಥ ತಂದ ವಿಲಿಯಂ ಕ್ಯಾಮ್ಡನ್ ಇದಕ್ಕೊಂದು ಪ್ರಾಚೀನತೆಯ ಮುದ್ರೆಯನ್ನೂ ಒತ್ತಿದ. ರೋಮನ್ನರ ದಾರಿಪಟ್ಟಿಯಲ್ಲಿ 'ಕಾಂಬೊರಿಟಮ್' ಎಂಬ ಊರಿದೆ, ಅದು ಈ ಪರಿಸರದ್ದೇ ಇರಬೇಕು, ಬ್ರಿಟನ್ನಿನ ಮೂಲ ಭಾಷೆಯಲ್ಲಿ 'ಕಾಮ್' ಎಂದರೆ ಡೊಂಕು, ಹೊಳೆಯೂ ಡೊಂಕು! ವೆಲ್ಶ್ ಭಾಷೆಯಲ್ಲಿ ಇಂದಿಗೂ ಆ ಪದಕ್ಕೆ ಅದೇ ಅರ್ಥ, ಹೊಳೆಯೂ ನಿಜಕ್ಕೂ ಬಳುಕುತ್ತದೆ. ಇಷ್ಟು ಚಂದ ಹೊಂದುವ ತಪ್ಪು ವಿವರಣೆ ಅಪರೂಪ. ಕಾಂಬೊರಿಟಮ್ ಬೇರೆಲ್ಲೋ ಪೂರ್ವದ ಕಡೆಯದೆಂದೂ ಕಾಸಲ್ ಹಿಲ್ಲಿನ ರೋಮನ್ ಹೆಸರು ಡ್ಯೂರೊಲಿಪೊಂಟೆ ಎಂದೂ ಈಗಿನ ವಿದ್ವಾಂಸರ ಒಲವು. ಆದರೆ ಅಷ್ಟರಲ್ಲಿ ಮಿಲ್ಟನ್ 1637ರ ತನ್ನ 'ಲಿಸಿಡಾಸ್' ಕವಿತೆಯಲ್ಲಿ ಈ ಹೊಸ ಹೆಸರಿನ ನದಿಯನ್ನು 'ಕಾಮುಸ್' ಎಂಬ ವೃದ್ಧ ದೇವತೆಯಾಗಿ ನಡೆಸಿಕೊಂಡು ಬಂದಾಗಿತ್ತು. ನಿನ್ನೆ ಮೊನ್ನೆ ಹುಟ್ಟಿದ ಹೆಸರಿಗೆ ನರೆತ ಗಡ್ಡ!

ಹೆಸರಿನ ವಯಸ್ಸನ್ನು ಹಿಡಿಯಲು ಪುಸ್ತಕವೂ ಬೇಡ, ಕಿವಿ ಸಾಕು. ಪಟ್ಟಣವನ್ನು ಕೇಳಿ: 'ಕೇಂಬ್ರಿಜ್', ಮೊದಲಲ್ಲಿ 'ಕೇ'. ನದಿಯನ್ನು ಕೇಳಿ: 'ಕ್ಯಾಮ್'. ನದಿಯ ಹೆಸರಿನಿಂದಲೇ ಊರು ಹುಟ್ಟಿದ್ದರೆ ಎರಡಕ್ಕೂ ಒಂದೇ ಸ್ವರ ಇರಬೇಕಿತ್ತಲ್ಲ? ಊರಿನ ಸ್ವರ ಶತಮಾನಗಳ ಬಾಯಿಮಾತಿನಲ್ಲಿ ಎಳೆದುಕೊಂಡು 'ಕೇ' ಆಯಿತು, 'ಚೇಂಬರ್', 'ಡೇಂಜರ್' ಆದ ಹಾಗೆ. ನದಿಯ ಹೆಸರನ್ನು ಮಾತ್ರ ಜನ ಕಾಗದದ ಮೇಲಿನ ಮೂರು ಅಕ್ಷರ ನೋಡಿ ಓದಿದ್ದು. ಇನ್ನಷ್ಟು ಹೊಳೆಗಳಿಗೂ ಹೀಗೆಯೇ ಆಗಿದೆ. ಚೆಲ್ಮ್ಸ್‌ಫರ್ಡ್ ಪಟ್ಟಣದಿಂದ ಚೆಲ್ಮರ್ ನದಿ ಹುಟ್ಟಿತು, ಅರಂಡೆಲ್ ಊರಿನಿಂದ ಅರುನ್ ನದಿ. ಆದರೆ ಊರಿಗೆ ತಾನೇ ಹೆಸರು ಕೊಟ್ಟು, ಅದೇ ಹೆಸರನ್ನು ರೂಪ ಕೆಡಿಸಿಕೊಂಡು ಮರಳಿ ಪಡೆದ ಭಾಗ್ಯ ಗ್ರಾಂಟಾಳದು.

ಕೇಂಬ್ರಿಜ್ ಎಂಬ ರೂಪವಂತೂ ಹಡಗು ಹತ್ತಿ ಹೊರಟುಬಿಟ್ಟಿತು. 1638ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ನ್ಯೂಟೌನ್ ಊರು ಕೇಂಬ್ರಿಜ್ ಆಯಿತು, ಹಾರ್ವರ್ಡ್ ಅಲ್ಲೇ ಬೆಳೆಯಿತು. ನಮ್ಮ ಬೆಂಗಳೂರಿನ ಹಲಸೂರಿನಲ್ಲೂ ಒಂದು ಕೇಂಬ್ರಿಜ್ ಲೇಔಟ್ ಇದೆ. ಕ್ಯಾಮ್ ಇಲ್ಲ, ಬ್ರಿಜ್ಜೂ ಇಲ್ಲ, ನಾರ್ಮನ್ನರು ಕೈಬಿಟ್ಟ ರಕಾರ ಅಲ್ಲೂ ಇಲ್ಲ.

ಗ್ರಾಂಟಾ ಏನಾಯಿತು? ಆ ಹೆಸರು ಆಂಗ್ಲೋ-ಸ್ಯಾಕ್ಸನ್ನರಿಗಿಂತ ಹಳೆಯದು, ಅವರಿಗಿಂತ ಮುಂಚೆ ಅಲ್ಲಿದ್ದ ಕೆಲ್ಟಿಕ್ ನುಡಿಯ ಜನ ಇಟ್ಟದ್ದು. ಕೆಸರುಹೊಳೆ ಎಂಬಂಥ ಅರ್ಥವನ್ನು ಕೆಲವರು ಊಹಿಸುತ್ತಾರೆ. ಕೇಂಬ್ರಿಜ್ ವಿದ್ಯಾರ್ಥಿಗಳು 1889ರಲ್ಲಿ ಶುರುಮಾಡಿದ ಪತ್ರಿಕೆಗೆ 'ದಿ ಗ್ರಾಂಟಾ' ಎಂದು ಹೆಸರಿಟ್ಟರು. 1979ರಲ್ಲಿ ಮರುಹುಟ್ಟು ಪಡೆದು ಜಗತ್ತಿನ ಸಾಹಿತ್ಯಾಸಕ್ತರೆಲ್ಲ ಓದುವ ನಿಯತಕಾಲಿಕವಾದ 'ಗ್ರಾಂಟಾ' ಅದೇ. ಹೊಳೆಯಲ್ಲೂ ಗ್ರಾಂಟ್‌ಚೆಸ್ಟರ್ ಕಡೆಯ ಭಾಗವನ್ನು ಗ್ರಾಂಟಾ ಎಂದೇ ಕರೆಯುವವರು ಈಗಲೂ ಇದ್ದಾರೆ. ಲಿಂಟನ್ ಊರಿನ ಕಡೆಯಿಂದ ಬರುವ ಉಪನದಿಯಂತೂ ನಕ್ಷೆಯಲ್ಲೇ ಗ್ರಾಂಟಾ.

ಇನ್ನೊಂದು ಕವಲು ಆಶ್‌ವೆಲ್‌ನ ಊಟೆಗಳಲ್ಲಿ ಹುಟ್ಟಿ, ಗ್ರಾಂಟ್‌ಚೆಸ್ಟರಿಗೆ ಸ್ವಲ್ಪ ಮೇಲೆ ಬಂದು ಸೇರುತ್ತದೆ. ಅದರ ಹೆಸರು 'ರೀ'. ಇದು ಯಾವ ದೇವತೆ, ಯಾವ ರಾಜಕುಮಾರ ಎಂದು ಕೇಳಬೇಡಿ. ಹಳೆಯ ಇಂಗ್ಲಿಷಿನಲ್ಲಿ ಹೊಳೆಗೆ 'ಏ' ಎನ್ನುತ್ತಿದ್ದರು, ಮುಂದೆ ಅದು 'ಈ' ಆಯಿತು. ಹೊಳೆಯ ಹತ್ತಿರ ಎನ್ನಲು 'ಅಟ್ ದೆರ್ ಈ' ಎನ್ನುತ್ತಿದ್ದರು. ಹೇಳುತ್ತ ಹೇಳುತ್ತ 'ದೆರ್' ಪದದ ಕೊನೆಯ ರಕಾರ ಮುಂದಿನ ಪದಕ್ಕೆ ಅಂಟಿ 'ಅಟ್ ದೆ ರೀ' ಆಯಿತು. ಮೇಲೆ ಗ್ರಾಂಟೆಬ್ರಿಜ್‌ನಲ್ಲಿ ಒಂದು ರಕಾರ ಕಳೆದುಹೋಗಿದ್ದರೆ ಇಲ್ಲೊಂದು ರಕಾರ ಬಿಟ್ಟಿಯಾಗಿ ಬಂದು ಸೇರಿ ಹೊಸ ನದಿಯನ್ನೇ ಹುಟ್ಟಿಸಿದೆ! ಸರ್ಕಾರಿ ಭೂಪಟ ತಯಾರಿಸಿದವರು ಬಹುಶಃ ತಲೆ ಕೆರೆದುಕೊಂಡಿರಬೇಕು. ಆ ಕವಲಿನ ಮೇಲೆ ಅವರು ಅಚ್ಚು ಹಾಕಿಸಿದ್ದು 'ಕ್ಯಾಮ್ ಅಥವಾ ರೀ ನದಿ' ಎಂದು.